ನೀವೇ ಬರೆದದ್ದನ್ನು ಎಐ ಬರೆದದ್ದು ಅಂದರೆ ಒಪ್ಪಿ ಸಹಿ ಹಾಕಬೇಡಿ

ಹೊರದೇಶದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಂದ ಈಗೀಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬೇಜಾರಿನ ಸಂಗತಿ ಏನೆಂದರೆ, ನನಗೆ ಬರೆಯುವ ಹೊತ್ತಿಗೆ ಎಷ್ಟೋ ಜನ ಯಾರದೋ ಮಾತು ಕೇಳಿ ತಪ್ಪೊಪ್ಪಿಗೆಗೆ ಸಹಿ ಹಾಕಿ ಬಂದಿರುತ್ತಾರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ನಾನೇ ಕೂತು ಬರೆದ ಅಸೈನ್‌ಮೆಂಟನ್ನು ಎಐ ಬರೆದದ್ದು ಅಂತ ಸಾಫ್ಟ್‌ವೇರ್ ತೋರಿಸಿದೆ. ‘ಕ್ಲಾಸಲ್ಲಿ ನೀನು ಮಾತಾಡುವ ಇಂಗ್ಲಿಷಿಗೂ ಇದಕ್ಕೂ ಹೊಂದುತ್ತಿಲ್ಲ’ ಅಂತ ಮೇಡಂ ಹೇಳಿದರು. ಮುಂದಿನ ವಾರ ವಿಚಾರಣೆ. ‘ಒಪ್ಕೊಂಡ್ಬಿಡು, ಇಲ್ಲಾಂದ್ರೆ ವೀಸಾ ಹೋಗುತ್ತೆ’ ಅಂತಾರೆ ನಮ್ಮ ಏಜೆಂಟ್. ಏನು ಮಾಡಲಿ?

ಉತ್ತರ: ಒಪ್ಪಿಕೊಳ್ಳಬೇಡಿ. ನೀವು ಹೇಳಿದ್ದು ನಿಜ ಅಂತ ನಂಬಿ ಈ ಮಾತು ಹೇಳುತ್ತಿದ್ದೇನೆ. ಎಐ ಹತ್ತಿರ ಬರೆಸಿದ್ದರೆ ಹೋಗಿ ನಿಜ ಹೇಳಿ, ಆ ದಾರಿ ಬೇರೆ.

ಮೊದಲು ಆ ಏಜೆಂಟ್ ವಿಷಯ. ಅಡ್ಮಿಷನ್ ಮಾಡಿಸಿ ಕಮಿಷನ್ ತಗೊಂಡವರಿಗೆ ನಿಮ್ಮ ವಿಚಾರಣೆಯ ನಿಯಮ ಏನು ಗೊತ್ತು? ಒಂದು ಅಸೈನ್‌ಮೆಂಟಿನ ಮೇಲೆ ಅನುಮಾನ ಬಂದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ. ಕೋರ್ಸಿನಿಂದಲೇ ತೆಗೆದುಹಾಕಿದರೆ ಯೂನಿವರ್ಸಿಟಿ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬೇಕಾಗುತ್ತದೆ, ವೀಸಾದ ಮಾತು ಬರುವುದು ಆಗ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಅದು ನಿಮ್ಮ ದಾಖಲೆಗೆ ಸೇರುತ್ತದೆ, ಇನ್ನೊಂದು ಸಲ ಅನುಮಾನ ಬಂದರೆ ‘ಇದು ಎರಡನೇ ಸಲ’ ಅಂತ ಶಿಕ್ಷೆ ಜಾಸ್ತಿಯಾಗುತ್ತದೆ. ಭಯ ಹುಟ್ಟಿಸಿ ಹುಡುಗರ ಕೈಲಿ ಸಹಿ ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನು ಸಾಫ್ಟ್‌ವೇರ್. ಇಂಥ ಎಷ್ಟೋ ಸಾಧನಗಳು ನೋಡುವುದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು. ಸುಲಭವಾಗಿ ಊಹಿಸಬಹುದಾದರೆ ಮೆಷಿನ್ ಬರೆದದ್ದು ಅಂತ ಅದರ ಲೆಕ್ಕ. ಈಗ ನಮ್ಮ ಮಕ್ಕಳು ಹೇಗೆ ಬರೆಯುತ್ತಾರೆ ನೋಡಿ. ಪಿಯುಸಿಯಿಂದ ಉರು ಹೊಡೆದ ‘ಪ್ಲೇಸ್ ಎ ವೈಟಲ್ ರೋಲ್’, ‘ಆನ್ ದಿ ಅದರ್ ಹ್ಯಾಂಡ್’. ತಪ್ಪಾಗದಿರಲಿ ಅಂತ ಗೊತ್ತಿರುವ ಪದಗಳನ್ನೇ, ಗೊತ್ತಿರುವ ಜಾಗದಲ್ಲೇ ಇಡುತ್ತಾರೆ. ಎಚ್ಚರಿಕೆಯಿಂದ ಬರೆದದ್ದೇ ಅವರಿಗೆ ಮುಳುವಾಗುತ್ತದೆ.

ಇದು ಸುಮ್ನೆ ನನ್ನ ಅನಿಸಿಕೆ ಅಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ 7 ಸಾಧನಗಳಿಗೆ ಕೊಟ್ಟರು. ಮನುಷ್ಯರೇ ಬರೆದವು. ಆದರೂ ಸರಾಸರಿ ಶೇ 61ರಷ್ಟನ್ನು ಎಐ ಬರೆದದ್ದು ಅಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಈ ತಪ್ಪು ತುಂಬ ಕಡಿಮೆ. ನನಗೆ ತುಂಬ ನೋವಾಗಿದ್ದು ಇನ್ನೊಂದು ಅಂಶದಿಂದ. ಅದೇ ಟೋಫೆಲ್ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದ ಚೆಂದ ಮಾಡಿಸಿ ಮತ್ತೆ ಕೊಟ್ಟಾಗ ತಪ್ಪು ಶೇ 12ಕ್ಕೆ ಇಳಿಯಿತು. ಸ್ವಂತ ಬರೆದವರು ಸಿಕ್ಕಿಬಿದ್ದರು, ಮೆಷಿನ್ ಮುಟ್ಟಿದ್ದು ಪಾರಾಯಿತು.

ಅಮೆರಿಕದ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ 2023ರ ಆಗಸ್ಟ್‌ನಲ್ಲೇ ಟರ್ನಿಟಿನ್ ಅನ್ನುವ ಸಾಫ್ಟ್‌ವೇರಿನ ಎಐ ಪತ್ತೆ ಮಾಡುವ ಸೌಲಭ್ಯ ನಿಲ್ಲಿಸಿತು. ತಪ್ಪು ಶೇ 1ರಷ್ಟೇ ಅಂತ ಒಪ್ಪಿದರೂ, ವರ್ಷಕ್ಕೆ ಅಲ್ಲಿ ಸಲ್ಲಿಸುವ 75,000 ಬರಹಗಳಲ್ಲಿ 750 ಅನ್ಯಾಯವಾಗಿ ಸಿಕ್ಕಿಬೀಳುತ್ತವೆ ಅನ್ನುವುದು ಅವರ ಲೆಕ್ಕ. ಸಾಫ್ಟ್‌ವೇರ್ ತೋರಿಸುವ ಅಂಕಿ ಒಂದನ್ನೇ ನಂಬಿ ವಿದ್ಯಾರ್ಥಿಯ ಮೇಲೆ ಕ್ರಮ ತಗೋಬೇಡಿ ಅಂತ ಟರ್ನಿಟಿನ್ ಕಂಪನಿಯೇ ಹೇಳುತ್ತದೆ. ಈ ಮಾತನ್ನು ಪ್ರಿಂಟ್ ತೆಗೆದು ವಿಚಾರಣೆಗೆ ತಗೊಂಡು ಹೋಗಿ.

ಇನ್ನು ಮೇಡಂ ಹೇಳಿದ ಮಾತು. ಅವರು ಕೆಟ್ಟವರಿರಲಾರರು. ಸಾಫ್ಟ್‌ವೇರಿನ ಅಂಕಿ ನೋಡಿದರು, ನೀವು ತಡವರಿಸಿ ಮಾತಾಡಿದ್ದು ನೆನಪಾಯಿತು, ಎರಡನ್ನೂ ಕೂಡಿಸಿಬಿಟ್ಟರು. ಇಂಗ್ಲಿಷ್ ಮನೆಮಾತಾದ ಹುಡುಗನ ಬಗ್ಗೆ ಹಾಗೆ ಕೂಡಿಸುತ್ತಿರಲಿಲ್ಲ ಅನ್ನುವುದು ಅವರ ತಲೆಗೇ ಬಂದಿರುವುದಿಲ್ಲ. ಪೂರ್ವಗ್ರಹ ಕೆಲಸ ಮಾಡುವುದು ಹೀಗೇ. ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಐದಾರು ವರ್ಷ ಇಂಗ್ಲಿಷ್ ಪುಸ್ತಕಗಳನ್ನೇ ಓದಿ ಪರೀಕ್ಷೆ ಬರೆದವರಿಗೆ ಬರವಣಿಗೆ ಸಲೀಸು, ಮಾತು ಕಷ್ಟ. ನಮ್ಮಲ್ಲಿ ಇಂಥವರು ಲಕ್ಷಾಂತರ ಜನ ಇದ್ದಾರೆ, ಅಲ್ಲಿಯವರಿಗೆ ಅದು ಗೊತ್ತಿಲ್ಲ. ಹಾಗಾಗಿ ನೀವೇ ಹೇಳಬೇಕು. ಎಲ್ಲಿ ಓದಿದ್ದು, ಯಾವ ಭಾಷೆಯಲ್ಲಿ ಓದಿದ್ದು, ಹಳೆಯ ಅಸೈನ್‌ಮೆಂಟುಗಳನ್ನು ಹೇಗೆ ಬರೆದಿದ್ದೆ ಅಂತ ಶಾಂತವಾಗಿ ಒಂದು ಪುಟ ಬರೆದುಕೊಂಡು ಹೋಗಿ.

ಆದರೆ ವಿಚಾರಣೆಯ ಕೋಣೆಯಲ್ಲಿ ‘ನೀವು ಜನಾಂಗೀಯವಾದಿ’ ಅಂತ ಶುರು ಮಾಡಬೇಡಿ. ಆಗ ಚರ್ಚೆ ಮೇಡಂ ಮನಸ್ಸಿನ ಕಡೆ ಹೋಗುತ್ತದೆ, ಅದನ್ನು ಯಾರೂ ಸಾಬೀತು ಮಾಡಲಾರರು. ಸಾಕ್ಷ್ಯದ ಮೇಲೇ ನಿಲ್ಲಿ. ತಪ್ಪು ಸಾಬೀತು ಮಾಡಬೇಕಾದ ಹೊಣೆ ಯೂನಿವರ್ಸಿಟಿಯದು, ನಿಮ್ಮದಲ್ಲ.

ನಿಮ್ಮ ಕಡೆಯ ಸಾಕ್ಷ್ಯ ಅಂದರೆ ವರ್ಷನ್ ಹಿಸ್ಟರಿ, ಅಂದರೆ ಬರೆಯುತ್ತಾ ತಿದ್ದುತ್ತಾ ಹೋದದ್ದರ ದಾಖಲೆ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಅಲ್ಲೇ ಇರುತ್ತದೆ, ವರ್ಡ್ ಆದರೆ ಒನ್‌ಡ್ರೈವ್‌ನಲ್ಲಿ ಉಳಿಸಿರಬೇಕು. ರಾತ್ರಿ ಬರೆದ ಪ್ಯಾರಾವನ್ನು ಬೆಳಿಗ್ಗೆ ಅಳಿಸಿದ್ದು, ‘ಇನ್ಫರ್ಮೇಷನ್ಸ್’ ಅಂತ ಬರೆದು ಕೊನೆಯ ಎಸ್ ತೆಗೆದದ್ದು, ಒಂದೇ ವಾಕ್ಯವನ್ನು ಮೂರು ಸಲ ತಿದ್ದಿದ್ದು, ಇಂಥದ್ದು ಬಹುಮಟ್ಟಿಗೆ ಗಂಟೆ ನಿಮಿಷದ ಸಮೇತ ಕಾಣುತ್ತದೆ. ಜೊತೆಗೆ ಓದಿದ ಲೇಖನಗಳ ಪಿಡಿಎಫ್, ನೋಟ್‌ಬುಕ್ಕಿನ ಫೋಟೋ. ‘ಈ ವಿಷಯದ ಬಗ್ಗೆ ನನ್ನನ್ನು ಇಲ್ಲೇ ಪ್ರಶ್ನೆ ಕೇಳಿ’ ಅಂತ ನೀವೇ ಹೇಳಿ. ಮಾತು ತಡವರಿಸಿದರೂ ಪರವಾಗಿಲ್ಲ, ವಿಷಯ ಗೊತ್ತಿದ್ದವರ ಉತ್ತರ ಬೇರೆಯೇ ಇರುತ್ತದೆ. ಇಂಗ್ಲಿಷ್ ತಿದ್ದಿಕೊಡುವ ಗ್ರ್ಯಾಮರ್ಲಿ ಬಳಸಿದ್ದರೆ ಮುಚ್ಚಿಡಬೇಡಿ. ಕನ್ನಡದಲ್ಲಿ ಬರೆದು ಗೂಗಲ್‌ನಿಂದ ಅನುವಾದ ಮಾಡಿಸಿದ್ದರೆ ಅದನ್ನೂ ಹೇಳಿ, ಕೆಲವು ಕಡೆ ಅದಕ್ಕೆ ಅನುಮತಿ ಇಲ್ಲ, ಹಾಗಾಗಿ ನಿಯಮ ಓದಿಕೊಂಡೇ ಹೋಗಿ.

ಒಬ್ಬರೇ ಹೋಗಬೇಡಿ. ಸ್ಟೂಡೆಂಟ್ಸ್ ಯೂನಿಯನ್‌ನ ಸಲಹೆಗಾರರನ್ನು ಇವತ್ತೇ ಭೇಟಿ ಮಾಡಿ, ದುಡ್ಡು ಕೇಳುವುದಿಲ್ಲ. ತೀರ್ಪು ವಿರುದ್ಧ ಬಂದರೆ ಯೂನಿವರ್ಸಿಟಿ ಒಳಗೇ ಮೇಲ್ಮನವಿ ಹಾಕಿ. ಅದೂ ಮುಗಿದರೆ, ಒಳಗಿನ ವಿಚಾರಣೆ ಎಲ್ಲ ಮುಗಿಯಿತು ಅನ್ನುವ ‘ಕಂಪ್ಲೀಷನ್ ಆಫ್ ಪ್ರೊಸೀಜರ್ಸ್’ ಪತ್ರ ಕೇಳಿ ಪಡೆಯಿರಿ. ಅದರ ತಾರೀಖಿನಿಂದ 12 ತಿಂಗಳೊಳಗೆ, ವಿದ್ಯಾರ್ಥಿಗಳ ದೂರು ನೋಡುವ ಸ್ವತಂತ್ರ ಸಂಸ್ಥೆಯಾದ ಆಫೀಸ್ ಆಫ್ ದಿ ಇಂಡಿಪೆಂಡೆಂಟ್ ಅಡ್ಜುಡಿಕೇಟರ್‌ಗೆ ದೂರು ಕೊಡಬಹುದು, ಅದೂ ಉಚಿತ. ಇದು ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಓದುವವರಿಗೆ 2025ರ ಫೆಬ್ರವರಿಯಿಂದ ಇಂಥದ್ದೇ ದೂರು ಕೇಳುವ ನ್ಯಾಷನಲ್ ಸ್ಟೂಡೆಂಟ್ ಆಂಬುಡ್ಸ್‌ಮನ್ ಇದೆ.

ಪ್ರಶ್ನೆ: ಎಐ ಅಂತ ಗೊತ್ತಾಗದ ಹಾಗೆ ಬರಹ ‘ಹ್ಯೂಮನೈಸ್’ ಮಾಡಿಕೊಡುತ್ತೇವೆ ಅಂತ ವಾಟ್ಸಾಪಿನಲ್ಲಿ ಬರುತ್ತದೆ. ತಗೋಬಹುದಾ?

ಉತ್ತರ: ಬೇಡ, ಅದೇ ಮೋಸ. ಅಸೈನ್‌ಮೆಂಟ್ ಬರೆದುಕೊಡುವ ದಂಧೆ 2022ರ ಕಾಯ್ದೆಯಿಂದ ಇಂಗ್ಲೆಂಡಿನಲ್ಲಿ ಅಪರಾಧ, ಅಂಥವರ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ಹೋಗುವ ಮೊದಲು ಬೆಂಗಳೂರಿನಲ್ಲಿ ಆಕ್ಸೆಂಟ್ ಕ್ಲಾಸ್ ಸೇರಲಾ?

ಉತ್ತರ: ಆ ದುಡ್ಡಲ್ಲಿ ದಪ್ಪ ಜಾಕೆಟ್ ತಗೊಳ್ಳಿ. 1992ರಲ್ಲಿ ಡೊನಾಲ್ಡ್ ರೂಬಿನ್ ಅನ್ನುವ ಸಂಶೋಧಕರು ಅಮೆರಿಕನ್ ಇಂಗ್ಲಿಷಿನ ಒಂದೇ ಪಾಠದ ಟೇಪನ್ನು ಎರಡು ಗುಂಪಿಗೆ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಹೆಂಗಸಿನ ಫೋಟೋ, ಇನ್ನೊಂದಕ್ಕೆ ಏಷ್ಯಾದ ಹೆಂಗಸಿನ ಫೋಟೋ. ಎರಡನೇ ಗುಂಪಿಗೆ ಇಲ್ಲದ ಆಕ್ಸೆಂಟ್ ಕೇಳಿಸಿತು, ಪಾಠ ಅರ್ಥವಾಗಿದ್ದೂ ಕಡಿಮೆ. ನಿಮ್ಮ ನಾಲಿಗೆ ತಿದ್ದಿಸಿದರೆ ಕೇಳುವವರ ಕಿವಿ ಸರಿಯಾಗುವುದಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿ, ಸಾಕು.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ನನಗೆ ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಅಂತ ಬಂದಿದೆ, ಪ್ರೊಫೆಸರ್ ‘ಡಿಯರ್ ಎಫ್‌ಎನ್‌ಯು’ ಅಂತ ಮೇಲ್ ಮಾಡುತ್ತಾರೆ. ಹೇಳಲು ಸಂಕೋಚ.

ಉತ್ತರ: ಸಂಕೋಚ ಯಾಕೆ, ಅದು ನಿಮ್ಮ ಹೆಸರಲ್ಲ. ಮೊದಲ ಹೆಸರು ಗೊತ್ತಿಲ್ಲ ಅಂತ ವೀಸಾದವರು ಹಾಕುವ ಗುರುತು ಅದು. ಪ್ರೊಫೆಸರಿಗೆ ಎರಡು ಸಾಲು ಬರೆಯಿರಿ, ರಿಜಿಸ್ಟ್ರಾರ್ ಆಫೀಸಿನಲ್ಲಿ ‘ಪ್ರಿಫರ್ಡ್ ನೇಮ್’ ಹಾಕಿಸಿ, ಊರಿಗೆ ಬಂದಾಗ ಪಾಸ್‌ಪೋರ್ಟ್ ಸರಿ ಮಾಡಿಸಿಕೊಳ್ಳಿ.