ಕರ್ತೃಪದವಿಲ್ಲದ ಇಂಗ್ಲಿಷ್ ವಾಕ್ಯ

ಪ್ರಶ್ನೆ: ಇಂಗ್ಲಿಷ್ ಮಾತೃಭಾಷೆಯವರು ಮಾತಿನಲ್ಲಿ ‘ಸೀನ್ ಹಿಮ್ ಟುಡೇ?’ ಎನ್ನುತ್ತಾರೆ. ಕರ್ತೃಪದವೇ ಇಲ್ಲದ ಇದು ವಾಕ್ಯವೇ?

ಉತ್ತರ: ಖಂಡಿತವಾಗಿ ವಾಕ್ಯವೇ; ಆರಂಭದ ‘ಹ್ಯಾವ್ ಯೂ’ ಮಾತ್ರ ಲೋಪವಾಗಿದೆ. ಲೋಪವಾದ ಸಹಾಯಕ ಕ್ರಿಯಾಪದ ಯಾವುದೆಂಬುದನ್ನು ಉಳಿದ ಕ್ರಿಯಾರೂಪವೇ ತಿಳಿಸುತ್ತದೆ: ‘ಸೀನ್’ ಎಂಬ ರೂಪಕ್ಕೆ ‘ಹ್ಯಾವ್’ ಬೇಕು, ‘ಗೋಯಿಂಗ್ ಔಟ್?’ ಎಂಬುದಕ್ಕೆ ‘ಆರ್’, ‘ವಾಂಟ್ ಟೀ?’ ಎಂಬುದಕ್ಕೆ ‘ಡೂ’. ಕನ್ನಡದ ‘ನೋಡಿದೆಯಾ?’ ಎಂಬಲ್ಲಿ ಕ್ರಿಯಾಪದದ ಪ್ರತ್ಯಯವೇ ‘ನೀನು’ ಎಂಬುದನ್ನು ಸೂಚಿಸುವುದರಿಂದ, ಉಪವಾಕ್ಯದೊಳಗೂ ಕರ್ತೃಪದವನ್ನು ಬಿಡಬಹುದು. ಇಂಗ್ಲಿಷಿನಲ್ಲಾದರೋ ಅಂಥ ಪ್ರತ್ಯಯಗಳು ಬಹುತೇಕ ಅಳಿದುಹೋಗಿದ್ದು, ಈ ಬಗೆಯ ಲೋಪವು ವಾಕ್ಯದ ಮೊದಲಿಗಷ್ಟೇ ಸೀಮಿತವಾಗಿದೆ. ‘ಐ ಥಿಂಕ್ ವಾಂಟ್ ಟೀ’ ಎಂದು ಅವರು ಹೇಳುವುದಿಲ್ಲ. ಇಷ್ಟು ಖಚಿತವಾದ ನಿಯಮವಿರುವ ಪ್ರಯೋಗವನ್ನು ತಪ್ಪೆಂದು ಕಲಿಸುವುದು ನನಗೆ ಸಮ್ಮತವಲ್ಲ, ಆದರೆ ಔಪಚಾರಿಕ ಬರವಣಿಗೆಯಲ್ಲಿ ಪೂರ್ಣರೂಪವನ್ನೇ ಬಳಸಿರಿ.