ತಪ್ಪಿ ಕೊಂಡ ಗಿಫ್ಟ್ ಕಾರ್ಡ್‌ನ ದುಡ್ಡು ವಾಪಸ್ ಬರುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಪುಣೆಯ ಚಿಂಚವಾಡದಲ್ಲಿದ್ದೀರಿ. ಗದಗಿನಲ್ಲಿರುವ ಅಣ್ಣನ ಮಗಳ ಮದುವೆಗೆ ಅಂತ ಒಂದು ಆ್ಯಪ್‌ನಲ್ಲಿ 5,000 ರೂಪಾಯಿಯ ಗಿಫ್ಟ್ ಕಾರ್ಡ್ ಕೊಂಡಿರಿ. ನಿಮಗೆ ಬೇಕಿದ್ದದ್ದು ಎಲ್ಲ ಕಡೆ ನಡೆಯುವ ಕಾರ್ಡ್. ಬಂದದ್ದು ಒಂದೇ ಬಟ್ಟೆ ಅಂಗಡಿಯದು, ಅದರ ಶಾಖೆ ಗದಗಿನಲ್ಲಿ ಇಲ್ಲ. ಆ್ಯಪ್‌ನವರು ‘ಗಿಫ್ಟ್ ಕಾರ್ಡ್‌ಗೆ ರಿಫಂಡ್ ಇಲ್ಲ’ ಅನ್ನುತ್ತಾರೆ. ಅಂಗಡಿಯವರು ‘ಎಲ್ಲಿ ಕೊಂಡಿರೋ ಅಲ್ಲೇ ಕೇಳಿ’ ಅನ್ನುತ್ತಾರೆ. ಕೋಡ್ ಇನ್ನೂ ಬಳಸಿಲ್ಲ.

ಆ ಕೊನೆಯ ಮಾತೇ ನಿಮ್ಮ ಬಲ. ಅದನ್ನು ಕಳೆದುಕೊಳ್ಳಬೇಡಿ. ಕೋಡನ್ನು ಯಾವ ಅಕೌಂಟ್‌ಗೂ ಸೇರಿಸಬೇಡಿ. ‘ಬ್ಯಾಲೆನ್ಸ್‌ಗೆ ಆ್ಯಡ್ ಮಾಡಿ’ ಅನ್ನುವ ಬಟನ್ ಒತ್ತಿದರೆ ಕಾರ್ಡ್ ಬಳಸಿದ ಲೆಕ್ಕವೇ ಆಗುತ್ತದೆ. ಪ್ಲಾಸ್ಟಿಕ್ ಕಾರ್ಡ್ ಆಗಿದ್ದರೆ ಗೀಚಬೇಡಿ. ಮದುಮಗಳಿಗೆ ಮೆಸೇಜ್ ಆಗಲೇ ಹೋಗಿದ್ದರೆ ಇವತ್ತೇ ಫೋನ್ ಮಾಡಿ, ಅದನ್ನು ಮುಟ್ಟದೆ ಹಾಗೇ ಇಡಲು ಹೇಳಿ.

ನಾನು ಡೊಂಬಿವಲಿಯವನು. ಐರೋಲಿಯ ಒಂದು ಕಾಲ್ ಸೆಂಟರ್‌ನಲ್ಲಿ ಕೆಲವು ವರ್ಷ ಇಂಥ ದೂರುಗಳನ್ನೇ ನೋಡುತ್ತಿದ್ದೆ. ಫೋನಿನ ಆಚೆ ಕೂತ ಹುಡುಗ ಹುಡುಗಿಯರ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಅಂತ ಬಲ್ಲೆ. ಅವರ ಪರದೆಯಲ್ಲಿ ನಿಮ್ಮ ಆರ್ಡರ್ ನಂಬರ್, ತಾರೀಖು, ಕೋಡ್ ತಲುಪಿದೆ ಅನ್ನುವ ಒಂದು ಸಾಲು ಇರುತ್ತದೆ. ಕಾರ್ಡಿನಲ್ಲಿ ಹಣ ಉಳಿದಿದೆಯೋ ಖರ್ಚಾಗಿದೆಯೋ ಅನ್ನುವುದು ಅಲ್ಲಿ ಕಾಣುವುದಿಲ್ಲ. ಶರ್ಟ್ ವಾಪಸ್ ಮಾಡುವವರಿಗೆ ಒತ್ತುವ ರಿಫಂಡ್ ಬಟನ್ ಗಿಫ್ಟ್ ಕಾರ್ಡ್ ಆರ್ಡರ್‌ನಲ್ಲಿ ತೆರೆಯುವುದೇ ಇಲ್ಲ. ಗಂಟೆಗಟ್ಟಲೆ ಜಗಳ ಆಡಿದರೂ ಆ ಹುಡುಗ ಕೊಡಲಾರ. ಸುಮ್ನೆ ಇಬ್ಬರಿಗೂ ತಲೆಬಿಸಿ.

ಕಂಪನಿಗಳ ಹೆದರಿಕೆಯಲ್ಲೂ ಅರ್ಥ ಇದೆ. ಕೋಡ್ ಬರೆದಿಟ್ಟುಕೊಂಡು, ರಿಫಂಡ್ ಪಡೆದು, ಆಮೇಲೆ ಅದೇ ಕೋಡ್‌ನಲ್ಲಿ ಸಾಮಾನು ಕೊಳ್ಳುವವರಿದ್ದಾರೆ. ಕದ್ದ ಕ್ರೆಡಿಟ್ ಕಾರ್ಡ್ ಕೈಗೆ ಸಿಕ್ಕವರು ಗಿಫ್ಟ್ ಕಾರ್ಡ್ ಕೊಳ್ಳುವುದೂ ಇದೆ, ಅದನ್ನು ಬೇಗ ಮಾರಿಬಿಡಬಹುದು ಅಂತ. ಹಾಗಾಗಿ ‘ನಾನು ತಪ್ಪಿ ಕೊಂಡೆ’ ಅನ್ನುವ ಮಾತು ಒಂದೇ ಅವರನ್ನು ಕದಲಿಸುವುದಿಲ್ಲ. ಕೋಡ್ ಬಳಕೆಯಾಗಿಲ್ಲ, ಇನ್ನು ಬಳಸಲೂ ಆಗುವುದಿಲ್ಲ ಅನ್ನುವುದು ಅವರಿಗೆ ಖಾತ್ರಿ ಆಗಬೇಕು. ಆ ಖಾತ್ರಿ ಕೊಡಬಲ್ಲವರು ಕಾರ್ಡ್ ಹೊರಡಿಸಿದವರು ಮಾತ್ರ. ನೀವು ಹಿಡಿಯಬೇಕಾದದ್ದು ಅವರನ್ನು.

ಅವರು ಯಾರು? ಕಾರ್ಡಿನ ಮುಂದೆ ಇರುವ ಹೆಸರೇ ಆಗಬೇಕೆಂದಿಲ್ಲ. ಇಮೇಲ್‌ನ ಕೊನೆಗೆ ಅಥವಾ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಇಶ್ಯೂಡ್ ಬೈ’ ಅಂತ ಒಂದು ಸಾಲು ಇರುತ್ತದೆ, ಅದನ್ನು ಓದಿ. ಅಲ್ಲಿ ಬ್ಯಾಂಕ್ ಇರಬಹುದು. ಇದೇ ಕಸುಬಿನ ಕಂಪನಿಯೂ ಇರಬಹುದು. ಬೆಂಗಳೂರಿನ ಕ್ವಿಕ್‌ಸಿಲ್ವರ್ ಹಾಗೆ ಹಲವು ದೊಡ್ಡ ಬ್ರ್ಯಾಂಡ್‌ಗಳ ಕಾರ್ಡ್ ನಡೆಸುತ್ತಿದ್ದ ಕಂಪನಿ, 2019ರಲ್ಲಿ ಅದನ್ನು ಪೈನ್ ಲ್ಯಾಬ್ಸ್ ಕೊಂಡಿತು. ಇಲ್ಲವಾದರೆ ಬಟ್ಟೆ ಅಂಗಡಿಯೇ ಸ್ವಂತವಾಗಿ ಹೊರಡಿಸಿರಬಹುದು. ಯಾರು ಹೊರಡಿಸಿದ್ದಾರೆ ಅನ್ನುವುದರ ಮೇಲೆ ಮುಂದಿನ ದಾರಿ ಬೇರೆ ಬೇರೆ.

ಬ್ಯಾಂಕ್ ಅಥವಾ ಲೈಸೆನ್ಸ್ ಇರುವ ಕಂಪನಿಯಾದರೆ ರಿಸರ್ವ್ ಬ್ಯಾಂಕಿನ ಪಿಪಿಐ (ಮೊದಲೇ ಹಣ ತುಂಬಿಟ್ಟ ಕಾರ್ಡ್, ವ್ಯಾಲೆಟ್‌ಗಳ) ನಿಯಮಗಳು ಬರುತ್ತವೆ. 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಆ ನಿಯಮಗಳ ಪ್ರಕಾರ ಒಂದು ಗಿಫ್ಟ್ ಕಾರ್ಡ್‌ನಲ್ಲಿ 10,000 ರೂಪಾಯಿಗಿಂತ ಜಾಸ್ತಿ ಇರುವಂತಿಲ್ಲ, ಮತ್ತೆ ಹಣ ತುಂಬುವಂತಿಲ್ಲ, ನಗದು ತೆಗೆಯುವಂತಿಲ್ಲ. ಕಸ್ಟಮರ್ ಕೇರ್‌ನವರು ಓದಿ ಹೇಳುವುದು ಈ ಕೊನೆಯದನ್ನು. ಆದರೆ ಅಲ್ಲೇ ಪಕ್ಕದಲ್ಲಿ ಇನ್ನೊಂದು ಮಾತಿದೆ: ಕಾರ್ಡ್ ಯಾರ ಕೈಯಲ್ಲಿದೆಯೋ ಅವರ ಒಪ್ಪಿಗೆ ಪಡೆದು, ಯಾವ ಖಾತೆಯಿಂದ ಹಣ ಬಂತೋ ಅದೇ ಖಾತೆಗೆ ವಾಪಸ್ ಕಳಿಸಬಹುದು. ‘ಕಳಿಸಲೇಬೇಕು’ ಅಂತ ಇಲ್ಲ, ‘ಕಳಿಸಬಹುದು’ ಅಂತ ಇದೆ. ಅಷ್ಟಿದ್ದರೂ ‘ನಿಯಮದಲ್ಲೇ ಇಲ್ಲ’ ಅನ್ನುವ ಉತ್ತರ ನಿಲ್ಲುವುದಿಲ್ಲ, ಅಲ್ವಾ?

ಆದ್ದರಿಂದ ಫೋನ್ ಬಿಟ್ಟು ಇಮೇಲ್ ಬರೆಯಿರಿ. ಆ್ಯಪ್‌ಗೂ ಕಾರ್ಡ್ ಹೊರಡಿಸಿದವರಿಗೂ ಒಂದೇ ಮೇಲ್ ಹೋಗಲಿ. ‘ರಿಫಂಡ್ ಕೊಡಿ’ ಅಂತ ಶುರು ಮಾಡಬೇಡಿ. ಹೀಗೆ ಕೇಳಿ: ಈ ಕೋಡನ್ನು ಬ್ಲಾಕ್ ಮಾಡಿ, 5,000 ಪೂರ್ತಿ ಉಳಿದಿದೆ ಅಂತ ಬರಹದಲ್ಲಿ ಖಚಿತಪಡಿಸಿ, ಹಣವನ್ನು ನಾನು ಪಾವತಿಸಿದ ಖಾತೆಗೆ ಹಿಂದಿರುಗಿಸಿ, ಅದು ಆಗದಿದ್ದರೆ ಅಷ್ಟೇ ಮೊತ್ತದ ಬೇರೆ ಕಾರ್ಡ್ ಕೊಡಿ. ಆರ್ಡರ್ ನಂಬರ್ ಮತ್ತು ಪಾವತಿಯ ಯುಟಿಆರ್ ನಂಬರ್ (ಬ್ಯಾಂಕ್ ಆ ಪಾವತಿಗೆ ಕೊಡುವ ಗುರುತಿನ ಸಂಖ್ಯೆ) ಹಾಕಿ. ಕೋಡ್ ಮಾತ್ರ ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಕಾರ್ಡ್ ಮದುಮಗಳ ಹೆಸರಿಗೆ ಹೋಗಿದ್ದರೆ ಅವಳ ಮೇಲ್‌ನಿಂದಲೂ ‘ನನ್ನ ಒಪ್ಪಿಗೆ ಇದೆ’ ಅಂತ ಒಂದು ಸಾಲು ಹೋಗಲಿ.

ಬೇರೆ ಕಾರ್ಡ್ ಕೊಡಿ ಅನ್ನುವ ಆ ಕೊನೆಯ ಮಾತನ್ನು ಬಿಡಬೇಡಿ. ಹಣ ವಾಪಸ್ ಕೊಡುವುದಕ್ಕಿಂತ ಕಾರ್ಡ್ ಬದಲಿಸುವುದು ಅವರಿಗೆ ಸಲೀಸು. ಘಾಟ್‌ಕೋಪರ್‌ನಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಒಂದು ದೀಪಾವಳಿಗೆ ಕೆಲಸದ ಹುಡುಗರಿಗೆಲ್ಲ ಗಿಫ್ಟ್ ಕಾರ್ಡ್ ಕೊಟ್ಟರು. ಆಮೇಲೆ ನೋಡಿದರೆ ಅದು ಆನ್‌ಲೈನ್‌ನಲ್ಲಿ ಮಾತ್ರ ನಡೆಯುವುದು. ಕುಂದಾಪುರದ ಕಡೆಯ ಆ ಹುಡುಗರಿಗೆ ಊರಿಗೆ ಹೋಗುವ ಮುಂಚೆ ಅಂಗಡಿಯಲ್ಲಿ ಮುಟ್ಟಿ ನೋಡಿ ಬಟ್ಟೆ ತಗೊಳ್ಳಬೇಕಿತ್ತು. ಮಾರಿದವರು ಕೈ ಎತ್ತಿದರು. ಮಾವ ಕಾರ್ಡ್ ಹೊರಡಿಸಿದ ಕಂಪನಿಗೇ ಬರೆದರು. ಬಳಸದ ಕಾರ್ಡ್‌ಗಳನ್ನೆಲ್ಲ ಅವರು ರದ್ದು ಮಾಡಿ ಅಂಗಡಿಯಲ್ಲಿ ನಡೆಯುವ ಕಾರ್ಡ್ ಕೊಟ್ಟರು. ಅವಸರದಲ್ಲಿ ಕೋಡನ್ನು ಅಕೌಂಟ್‌ಗೆ ಹಾಕಿಕೊಂಡಿದ್ದ ಹುಡುಗರದ್ದು ಬದಲಾಗಲಿಲ್ಲ.

ಇನ್ನು ಬಟ್ಟೆ ಅಂಗಡಿಯೇ ಹೊರಡಿಸಿ, ಅದರಲ್ಲೇ ನಡೆಯುವ ಕಾರ್ಡ್ ಆಗಿದ್ದರೆ ರಿಸರ್ವ್ ಬ್ಯಾಂಕ್ ಅದರ ತಂಟೆಗೆ ಬರುವುದಿಲ್ಲ. ಆಗ ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಪುಟದಲ್ಲಿ ಎಲ್ಲವೂ ಸರಿಯಾಗಿ ಬರೆದಿದ್ದು, ನೀವು ನೋಡದೆ ಒತ್ತಿದ್ದರೆ, ಹಣ ಕೊಡಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಆಗ ನೀವು ಕೇಳುತ್ತಿರುವುದು ಸೌಜನ್ಯ, ಹಕ್ಕಲ್ಲ. ಆದರೆ ಒಂದೇ ಅಂಗಡಿಯದು ಅನ್ನುವುದನ್ನು ಪಾವತಿ ಆಗುವವರೆಗೆ ತೋರಿಸದೆ ಇದ್ದರೆ, ಅಥವಾ ನೀವು ಆರಿಸದ ಕಾರ್ಡ್ ಆ್ಯಪ್‌ನ ಬುಟ್ಟಿಗೆ (ಕಾರ್ಟ್) ಬಂದು ಕೂತಿದ್ದರೆ, ಆಗ ತಪ್ಪು ನಿಮ್ಮದಲ್ಲ. ಹೀಗೆ ಗ್ರಾಹಕರನ್ನು ದಾರಿ ತಪ್ಪಿಸುವ ‘ಡಾರ್ಕ್ ಪ್ಯಾಟರ್ನ್’ಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಕೇಳದೆ ಬುಟ್ಟಿಗೆ ಸೇರಿಸುವುದೂ ಅದರಲ್ಲಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ನಿಮ್ಮ ಒಪ್ಪಿಗೆ ಅನ್ನಬಾರದು ಅಂತ 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಹಾಗಾಗಿ ಆ ಪುಟವನ್ನು ಈಗಲೇ ಮತ್ತೆ ತೆರೆದು, ಪಾವತಿಯ ಹಂತದವರೆಗೆ ಹೋಗಿ, ಒಂದೊಂದರ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಹೋದ ಮೇಲೆ ಪುಟ ಬದಲಾಗಿಬಿಡಬಹುದು.

ಇವೇ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆ್ಯಪ್‌ಗೂ ದೂರು ಕೇಳುವ ಗ್ರೀವನ್ಸ್ ಆಫೀಸರ್ ಇರಬೇಕು. ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆ ಅಧಿಕಾರಿಯ ವಿಳಾಸ ಆ್ಯಪ್‌ನ ಒಳಗೇ ಸಿಗುತ್ತದೆ. ದಯವಿಟ್ಟು ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಕಳ್ಳರು ತಮ್ಮ ನಂಬರ್ ಹಾಕಿರುತ್ತಾರೆ. ರಿಫಂಡ್ ಕೊಡ್ತೀವಿ ಅಂತ ಹೇಳಿ ಕೋಡ್ ಕೇಳುತ್ತಾರೆ, ಇಲ್ಲವೇ ಫೋನ್‌ಗೆ ಯಾವುದೋ ಆ್ಯಪ್ ಹಾಕಿಸುತ್ತಾರೆ. ಕಷ್ಟದಲ್ಲಿರುವವರನ್ನೇ ಹಿಡಿಯುವ ಈ ಮೋಸ ನೋಡಿ ನನಗೆ ಹೊಟ್ಟೆ ಉರಿದಿದೆ. ಅಂಥವರಿಗೆ ಕೋಡ್ ಕೊಟ್ಟಾಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಗ ಆಗಲಿ ಅಂತ ಬ್ಯಾಂಕ್‌ಗೆ ‘ಈ ಪಾವತಿ ನಾನು ಮಾಡಿಲ್ಲ’ ಅಂತ ದೂರು ಕೊಡುವವರೂ ಇದ್ದಾರೆ. ಅದು ಸುಳ್ಳು. ಒಟಿಪಿ ಹಾಕಿದ್ದು ದಾಖಲೆಯಲ್ಲಿರುತ್ತದೆ. ಆ್ಯಪ್‌ನವರು ಅಕೌಂಟನ್ನೇ ಮುಚ್ಚಿಬಿಡಬಹುದು, ಆಮೇಲೆ ನಿಮ್ಮ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಮದುವೆ ಹತ್ತಿರ ಇದ್ದರೆ ಸುಲಭದ ದಾರಿಯೂ ಒಂದಿದೆ. ಆ ಅಂಗಡಿ ಪುಣೆಯಲ್ಲಿ ಇರಬಹುದು, ನೋಡಿ. ಮನೆಯವರ ಬಟ್ಟೆ ಈ ಕಾರ್ಡ್‌ನಲ್ಲಿ ತಗೊಳ್ಳಿ, 5,000 ರೂಪಾಯಿಯನ್ನು ಮುಯ್ಯಿಯಾಗಿ ಹುಡುಗಿಯ ಕೈಗೆ ಕೊಡಿ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಆದರೆ ಆ್ಯಪ್ ನಿಮ್ಮನ್ನು ದಾರಿ ತಪ್ಪಿಸಿದ್ದರೆ ಹೀಗೆ ಬಿಡಬೇಡಿ, ದೂರು ಕೊಡಿ. ಆಗ ಕಾರ್ಡನ್ನೂ ಬಳಸಬೇಡಿ.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮರಾಠಿಯಲ್ಲಿ ಮಾತು ನಡೆಸಬಲ್ಲೆವು, ದೂರು ಹೇಳಲು ಬಾರದು ಅನ್ನುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಕಾರ್ಡ್ ರಿಸರ್ವ್ ಬ್ಯಾಂಕ್ ನಿಯಮದ ಕೆಳಗೆ ಬರುವುದಾದರೆ, ಹೊರಡಿಸಿದವರಿಂದ 30 ದಿನದಲ್ಲಿ ಉತ್ತರ ಬರದಿದ್ದಾಗ ಅಥವಾ ಬಂದ ಉತ್ತರ ಸರಿ ಕಾಣದಿದ್ದಾಗ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಅದರ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ.

ಅದೂ ಆಗದಿದ್ದರೆ ಪುಣೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಗುರುಗ್ರಾಮದಲ್ಲಿರಲಿ ಬೆಂಗಳೂರಿನಲ್ಲಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು ಅಷ್ಟೆ. ಕಾಗದ ಬರೆಯಲು ಸಹಾಯ ಬೇಕಾದರೆ ಗ್ರಾಹಕರ ಪರ ಕೆಲಸ ಮಾಡುವ ಸಂಘಟನೆ ಗ್ರಾಹಕ ಪಂಚಾಯತ್‌ನವರನ್ನು ಕೇಳಿ, ಆ ಚಳವಳಿ ಹುಟ್ಟಿದ್ದೇ ನಿಮ್ಮ ಪುಣೆಯಲ್ಲಿ. ಹೋಗುವಾಗ ಮೇಲ್‌ಗಳ ಪ್ರಿಂಟ್, ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್‌ನ ಆ ಪುಟ ಕೈಯಲ್ಲಿರಲಿ.