ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ

ಕಲಬುರಗಿ ಬ್ರಹ್ಮಪುರದ ನಿವೃತ್ತ ಶಿಕ್ಷಕರೊಬ್ಬರ ಪತ್ರ: ‘ಮಗ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸುತ್ತೇನೆ ಎನ್ನುತ್ತಾನೆ. 68ರ ನನಗೆ ಅದು ಒಗ್ಗೀತೆ? ಚಾರ್ಜ್ ಮುಗಿದರೆ, ಬೆಂಕಿ ಹತ್ತಿದರೆ ಎಂಬ ಭಯ. ಪೆಟ್ರೋಲ್ ಗಾಡಿಯೇ ಸಾಕಲ್ಲವೆ?’

ಮಾಸ್ತರರೆ, ದಿನಾ ಆಳಂದಕ್ಕೆ ಹೋಗಿಬರುವವರಾದರೆ ಪೆಟ್ರೋಲ್ ಗಾಡಿಯೇ ಇರಲಿ. ಸೂಪರ್ ಮಾರ್ಕೆಟ್, ಶರಣಬಸವೇಶ್ವರರ ಗುಡಿ, ಬ್ಯಾಂಕು ಇಷ್ಟೇ ಓಡಾಟವಾದರೆ ಚಾರ್ಜಿನ ಚಿಂತೆ ಬಿಡಿ. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಮೂರೂವರೆ ಯೂನಿಟ್. ವಾರಕ್ಕೆ ಒಂದೆರಡು ಸಲ ಚಾರ್ಜಿಗೆ ಹಚ್ಚಿದರಾಯಿತು.

‘ನನಗೆ ಒಗ್ಗೀತೆ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ತೊಡಕು ನಿಮ್ಮಲ್ಲಿಲ್ಲ, ಗೋಡೆಯಲ್ಲಿದೆ. ಹಳೆ ಮನೆಗಳ ಸಾಕೆಟ್ಟಿಗೆ ಮೂರು ತೂತಿದ್ದರೂ ಎಷ್ಟೋ ಕಡೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಇದ್ದರೂ ಅರ್ಥಿಂಗ್ ಸಲಾಕೆ ಹೂತ ಗುಂಡಿ ಶಹಾಬಾದ್ ಪರಸಿ ಕಲ್ಲಿನಡಿ ಮುಚ್ಚಿಹೋಗಿರುತ್ತದೆ. ಬೇಸಿಗೆಗೆ ಎರೆಮಣ್ಣು ಬಿರಿದಾಗ ಸಲಾಕೆಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ಅರ್ಥ್ ಸಿಗದೆ ಎಷ್ಟೋ ಚಾರ್ಜರ್‌ಗಳು ನಿಲ್ಲುತ್ತವೆ, ಮನೆಯವರು ‘ಅಪ್ಪಗ ಹಚ್ಚಾಕ ಬರಂಗಿಲ್ಲ’ ಎನ್ನುತ್ತಾರೆ! ಎಲೆಕ್ಟ್ರಿಷಿಯನ್‌ಗೆ ಹೇಳಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟಿನ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 3 ವೋಲ್ಟಿನೊಳಗೆ ಇರಲಿ. ಹೆಚ್ಚಿದ್ದರೆ ಗುಂಡಿಗೆ ನೀರು ಹಾಕಿಸಿ ನೋಡಿ, ಆಗದಿದ್ದರೆ ಹೊಸ ಗುಂಡಿ ತೆಗೆಸಿ. ಮೇನ್ ಬೋರ್ಡಿನಿಂದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇರೆಯಾಗಿ ಎಳೆಸಿ, ಲೋಡ್ ಮೀರಿದರೆ ತಾನೇ ಕರೆಂಟ್ ಕಡಿಯುವ 16 ಆಂಪಿಯರ್ ಸ್ವಿಚ್ಚು (ಎಂಸಿಬಿ) ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ತಾಸುಗಟ್ಟಲೆ ಲೋಡಿಗೆ ಸಡಿಲ ಪಿನ್ ಕಾದು ಕರಗುತ್ತದೆ. ಬೆಂಕಿಯ ಭಯ ಇಲ್ಲಿರಬೇಕು. ಮೇ ತಿಂಗಳ 42 ಡಿಗ್ರಿಯಲ್ಲಿ ತಿರುಗಿ ಬಂದ ಕೂಡಲೇ ಚಾರ್ಜಿಗೆ ಹಚ್ಚಬೇಡಿ, ನೆರಳಲ್ಲಿ ಒಂದು ತಾಸು ಆರಲಿ.

ನಿಜವಾದ ಅಪಾಯ ಸದ್ದಿಲ್ಲದಿರುವುದು. ಗಾಡಿ ಆನ್ ಇದ್ದದ್ದು ತಿಳಿಯದೆ ಇಳಿದು ಹ್ಯಾಂಡಲ್ ಹಿಡಿದು ತಳ್ಳುವಾಗ ಎಕ್ಸಿಲರೇಟರ್ ತಿರುಗಿದರೆ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಮೊದಲು ಆಫ್, ಆಮೇಲೆ ಇಳಿಯುವುದು. 110 ಕಿಲೋ ತೂಕವನ್ನು ಓಣಿಯಲ್ಲಿ ಹಿಂದಕ್ಕೆಳೆಯುವುದು ಮೊಣಕಾಲಿಗೆ ಕಷ್ಟ; ರಿವರ್ಸ್ ಇರುವ ಗಾಡಿಯನ್ನೇ ಆರಿಸಿ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೂರಬೇಕು. ಮೋಟರ್ 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮೀರದ ಹಗುರ ಗಾಡಿಗಷ್ಟೇ ಲೈಸೆನ್ಸ್, ನೋಂದಣಿ ಬೇಡ ಎಂಬುದೂ ನೆನಪಿರಲಿ, ಹೆಲ್ಮೆಟ್ ಮಾತ್ರ ಬಿಡಬೇಡಿ.

ನನ್ನ ಸಿಟ್ಟು ಬೇರೆ ಇದೆ. ಬ್ಯಾಂಕು, ಗ್ಯಾಸ್, ಪಿಂಚಣಿಯ ಜೀವಂತ ಪ್ರಮಾಣಪತ್ರ ಎಲ್ಲಕ್ಕೂ ಮೊಬೈಲು, ಒಟಿಪಿ. ಈಗ ಗಾಡಿಯ ಬೀಗಕ್ಕೂ ಆ್ಯಪ್! ಕೈಯಲ್ಲಿ ಹಿಡಿಯುವ ಕೀಲಿ, ಬಿಸಿಲಲ್ಲೂ ಕಾಣುವ ದೊಡ್ಡ ಅಂಕಿ, ದಪ್ಪ ಕನ್ನಡಕ್ಷರದ ಕೈಪಿಡಿ ಕೊಡದೆ ‘ಹಿರಿಯರು ಹೊಸತಕ್ಕೆ ಹೆದರುತ್ತಾರೆ’ ಎನ್ನುವುದು ಯಾವ ನ್ಯಾಯ? ಈ ಮೂರನ್ನೂ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ. ತೋರಿಸಿದ ಮೇಲೆಯೇ ಮುಂಗಡ ಕೊಡಿ.